ಅಮ್ಮನಿಗೆ ಹೇಳದ ಕಾಯಿಲೆ

ನಾನು ಏನು ಕೆಲಸ ಮಾಡುತ್ತೇನೆ ಎಂದು ನೆಂಟರಿಗೆ ವಿವರಿಸುವುದು ಇವತ್ತಿಗೂ ನನ್ನಿಂದ ಆಗಿಲ್ಲ. ಕೊಯಮತ್ತೂರಿನ ಒಂದು ವಿಶ್ವವಿದ್ಯಾಲಯದಲ್ಲಿ ಜೀವನೈತಿಕತೆ ಮತ್ತು ತತ್ತ್ವಶಾಸ್ತ್ರಕ್ಕೆಂದು ಒಂದು ಸಂಶೋಧನಾ ಕೇಂದ್ರವಿದೆ. ನಾನು ಅಲ್ಲಿ ಸಂಶೋಧಕಿ. ರೋಗಿಗಳ ಮೇಲೆ ಹೊಸ ಔಷಧ ಪ್ರಯೋಗಿಸುವ ವೈದ್ಯರು ಅವರಿಗೆ ಎಲ್ಲ ತಿಳಿಸಿ ಒಪ್ಪಿಗೆ ಪಡೆದಿದ್ದಾರೋ ಇಲ್ಲವೋ ಎಂದು ನಾವು ನೋಡುತ್ತೇವೆ. ತಿರುಪ್ಪೂರಿನ ಬನಿಯನ್ ಕಂಪನಿಗಳ ಹಾಸ್ಟೆಲ್ಲಿಗೆ ಹೋಗಿ, ದೂರದ ಊರುಗಳಿಂದ ಬಂದ ಹುಡುಗಿಯರ ಜೊತೆ ಚಾಪೆ ಮೇಲೆ ಕೂತು, ‘ಸಂಶೋಧನೆಗೆ ನಿಮ್ಮ ರಕ್ತ ಕೊಡುವುದಕ್ಕೆ ನೀವು ಬೇಡ ಎನ್ನಬಹುದು’ ಎಂದು ಹೇಳುತ್ತೇವೆ. ಉಳಿದಂತೆ ಎಳೆಯ ವೈದ್ಯರಿಗೆ ನನ್ನ ಪಾಠ: ಕೆಟ್ಟ ಸುದ್ದಿಯನ್ನು ರೋಗಿಗೆ ಹೇಳುವುದು ಹೇಗೆ. ನೆಗಮಂನಲ್ಲಿರುವ ನಮ್ಮ ಚಿಕ್ಕಪ್ಪ ಇದನ್ನೆಲ್ಲ ಕೇಳಿ, “ಸಾವು ಬಂತು ಅಂತ ಹೇಳೋಕೂ ಒಂದು ಆಪೀಸಾ ಕಣ್ಣು?” ಎಂದು ನಕ್ಕಿದ್ದರು; ಮುದ್ದಿನವರನ್ನು ನಮ್ಮ ಕಡೆ ‘ಕಣ್ಣು’ ಎಂದೇ ಕರೆಯುವುದು. ತಿಂಗಳ ಸಂಬಳ ಬರುತ್ತದೆ ಎಂದ ಮೇಲೆ ಸುಮ್ಮನಾದರು.

ನಾವು ನೆಗಮಂನ ನೇಕಾರರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ನಮ್ಮ ಮನೆಯಲ್ಲಿ ಕನ್ನಡ ಅಕ್ಷರ ಬರುವುದು ನನಗೊಬ್ಬಳಿಗೇ, ಎಂ.ಎ. ಓದಲು ಮೈಸೂರಿಗೆ ಹೋದಾಗ, ಗೆಳತಿಯರು ನನ್ನ ಮಾತಿನ ರಾಗಕ್ಕೆ ನಗುತ್ತಿದ್ದ ಸಿಟ್ಟಿಗೆ ಕಲಿತದ್ದು. ಅಪ್ಪ ಹೋದ ಮೇಲೆ ಮಗ್ಗ ತಮ್ಮನ ಕೈಗೆ ಬಂತು. ಅವನು, ಅವನ ಹೆಂಡತಿ, ಅಮ್ಮ ಊರಲ್ಲಿ. ನಾನು ಆರ್.ಎಸ್. ಪುರಂನ ಬಾಡಿಗೆ ಮನೆಯಲ್ಲಿ.

ಅಮ್ಮನಿಗೆ ಅನ್ನ ಸೇರದೆ ಕಣ್ಣು ಹಳದಿಯಾದಾಗ ಕೊಯಮತ್ತೂರಿನ ಆಸ್ಪತ್ರೆಗೆ ಕರೆತಂದೆವು. ಕ್ಯಾನ್ಸರ್. ಆಗಲೇ ಒಳಗೆಲ್ಲ ಹಬ್ಬಿತ್ತು. ನನ್ನನ್ನೂ ತಮ್ಮನನ್ನೂ ಕೋಣೆಗೆ ಕರೆದು ಇದನ್ನು ಹೇಳಿದ ವೈದ್ಯ ಒಂದು ಕಾಲದಲ್ಲಿ ನನ್ನ ಪಾಠ ಕೇಳಿದವನೇ. ಅಮ್ಮನಿಗೆ ಹೇಳೋಣವೇ ಎಂದು ನನ್ನ ಮುಖ ನೋಡಿದ. ನಾನು ಬಾಯಿ ತೆರೆಯುವ ಮೊದಲೇ ತಮ್ಮ, ಹೇಳಬೇಡಿ ಎಂದು ಅವನಿಗೆ ಕೈ ಮುಗಿದು ನಿಂತುಬಿಟ್ಟ.

ಹೊರಗೆ ಬಂದ ಮೇಲೆ ಜಗಳವಾಯಿತು. ಅವಳ ದೇಹ, ಅವಳ ಸಾವು, ತಿಳಿಯುವ ಹಕ್ಕು ಅವಳದು ಎಂದು ನಾನು. ಹೇಳಿದರೆ ಆ ಕ್ಷಣವೇ ಜೀವ ಬಿಡುತ್ತಾಳೆ ಎಂದು ಅವನು.

“ಸಾವಿರ ಸುಳ್ಳು ಹೇಳಿ ಕಲ್ಯಾಣ ಮಾಡ್ತಾರೆ. ಅಮ್ಮನ ಜೀವಕ್ಕೆ ಒಂದು ಸುಳ್ಳು ಹೇಳೋಕೆ ಆಗಲ್ವಾ ಅಕ್ಕ ನಿನಗೆ? ನಿನ್ನ ಪಾಠ ನಿನ್ನ ಕಾಲೇಜಿನಲ್ಲೇ ಇರಲಿ.”

ದಿನವೂ ಅವಳ ಮೈ ಒರೆಸುವವನು ಅವನು, ಗಂಜಿ ಕುಡಿಸುವವಳು ಅವನ ಹೆಂಡತಿ. ಶನಿವಾರ ಬಸ್ಸು ಹತ್ತಿ ಬರುವ ನನ್ನ ಮಾತಿಗೆ ಎಷ್ಟು ತೂಕ? ಹೊಟ್ಟೆಯಲ್ಲಿ ಹುಣ್ಣು ಎಂದು ಅಮ್ಮನಿಗೆ ಹೇಳಿದೆವು. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಎನ್ನುತ್ತಾರಲ್ಲ, ಅದನ್ನು ಆ ತಿಂಗಳುಗಳಲ್ಲಿ ನನಗೆ ನಾನೇ ಎಷ್ಟು ಸಲ ಹೇಳಿಕೊಂಡೆನೋ. ತರಗತಿಯಲ್ಲಿ ನಿಂತು ಸತ್ಯದ ಬಗ್ಗೆ ಮಾತಾಡುವಾಗ ನಡುವೆ ನಿಲ್ಲಿಸಿ, ನೀರು ಕುಡಿಯುವ ನೆಪ ಮಾಡುತ್ತಿದ್ದೆ.

ತಮ್ಮ ಆ ಸುಳ್ಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯ್ದ. ನೋಡಲು ಬಂದ ನೆಂಟರನ್ನು ಬಾಗಿಲಲ್ಲೇ ತಡೆದು ಎಚ್ಚರಿಸುತ್ತಿದ್ದ. ಮಾತ್ರೆಗಳನ್ನು ಬೇರೆ ಡಬ್ಬಿಗೆ ಸುರಿದಿಟ್ಟ. ಆದರೆ ಅವನ ಬಾಯಿ ಕಾಯ್ದದ್ದನ್ನು ಅವನ ಕೈ ಕಾಯಲಿಲ್ಲ. ನಮ್ಮ ಬೀದಿಯಲ್ಲಿ ಒಂದು ರೂಢಿ ಇದೆ. ಸಾವಾದ ಮನೆಯಲ್ಲಿ ಕರ್ಮ ಮುಗಿಯುವವರೆಗೆ ಮಗ್ಗ ಮುಟ್ಟುವಂತಿಲ್ಲ; ಅರ್ಧ ನೇಯ್ದ ಸೀರೆ ಧೂಳು ಹಿಡಿಯುತ್ತದೆ, ಆಮೇಲೆ ಅದನ್ನು ಶುಭಕ್ಕೆ ಯಾರೂ ಕೊಳ್ಳುವುದಿಲ್ಲ. ಹಾಗಾಗಿ ಮನೆಯಲ್ಲಿ ಯಾರಾದರೂ ಏಳದ ಹಾಗೆ ಮಲಗಿದರೆ, ಮಗ್ಗದ ಮೇಲಿರುವುದನ್ನು ನೇಯ್ದು ಮುಗಿಸಿ, ಉದ್ದನೂಲಿನ ಹೊಸ ಹಾಸು ಹೂಡದೆ ಬಿಡುತ್ತಾರೆ. ತಮ್ಮ ಯೋಚಿಸಿ ಮಾಡಿದ್ದಲ್ಲ. ದೀಪಾವಳಿ ಎದುರಿಗಿದೆ, ವ್ಯಾಪಾರಿ ಫೋನ್ ಮೇಲೆ ಫೋನ್ ಮಾಡುತ್ತಿದ್ದಾನೆ, ಇವನು ಮಾತ್ರ ಕೊನೆಯ ಸೀರೆ ಕತ್ತರಿಸಿ ಮಡಚಿಟ್ಟು ಮಗ್ಗವನ್ನು ಬರಿದಾಗಿ ಬಿಟ್ಟ. ಅಮ್ಮನ ಮಂಚ ಮಗ್ಗದ ಎದುರಿಗೇ ಇತ್ತು.

ಒಂದು ಮಧ್ಯಾಹ್ನ ತಮ್ಮ ಪೊಳ್ಳಾಚಿಗೆ ಹೋಗಿದ್ದ. ಅವನ ಹೆಂಡತಿ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ನಾನು ಅಮ್ಮನ ತಲೆ ಬಾಚುತ್ತಿದ್ದೆ.

“ನಿನ್ನ ತಮ್ಮ ಪಾವು ಯಾಕೆ ಹಾಕಲೆ?” ಎಂದಳು. ಮಗ್ಗದ ಹಾಸನ್ನು ನಮ್ಮ ಮನೆಯಲ್ಲಿ ಪಾವು ಎಂದೇ ಅನ್ನುವುದು; ಅದನ್ನು ಯಾಕೆ ಹಾಕಿಲ್ಲ ಎಂದು ಅವಳ ಪ್ರಶ್ನೆ.

“ನೂಲು ಬಂದಿಲ್ಲವಂತೆ ಅಮ್ಮ.”

“ನೂಲು ಅಟ್ಟದ ಮೇಲೆ ಇದೆ ಕಣ್ಣು. ನಿಮ್ಮಜ್ಜಿ ಮಲಗಿದಾಗ ಮಗ್ಗ ಖಾಲಿ ಮಾಡ್ಸಿದೋಳು ನಾನೇ. ನನಗೆ ತೆರಿಯಲ್ವಾ, ಗೊತ್ತಾಗಲ್ವಾ?”

ಬಾಚಣಿಗೆ ಕೂದಲಲ್ಲೇ ನಿಂತಿತು. ಅವಳಿಗೆ ಏನು ತಿಳಿಯಬೇಕಿದೆ ಎಂದು ಕೇಳಿದೆ. ಎಷ್ಟು ದಿನ ಎಂದು ಮಾತ್ರ ಹೇಳು ಎಂದಳು. ಪೊಂಗಲ್‌ವರೆಗೆ ಕಷ್ಟ ಎಂದು ಹೇಳಿದೆ. “ಸರಿ” ಎಂದು ನನ್ನ ಮಣಿಕಟ್ಟು ಹಿಡಿದುಕೊಂಡಳು. ಇಬ್ಬರೂ ಅತ್ತೆವು, ಹಿತ್ತಲಿಗೆ ಕೇಳದ ಹಾಗೆ. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಕೈಯನ್ನು ತನ್ನ ತಲೆಯ ಮೇಲೆ ಇಟ್ಟುಕೊಂಡಳು.

“ನನಗೆ ಗೊತ್ತು ಅಂತ ಅವನತ್ರ ಹೇಳ್ಬೇಡ. ಎಂದಿಗೂ. ಅಮ್ಮ ನೆಮ್ಮದಿಯಾಗಿದ್ದಾಳೆ ಅಂತ್ಲೇ ಅವನು ಉಸಿರಾಡ್ತಿದ್ದಾನೆ. ಪಾಪ, ತಾಂಗಲ್ಲ ಅವನು, ತಡ್ಕೊಳ್ಳಲ್ಲ.”

“ಅವನ ಹತ್ತಿರ ನಿನಗೆ ಮಾತಾಡುವುದು ಇಲ್ಲವಾ ಅಮ್ಮ?”

“ಇಲ್ಲದೆ ಇರುತ್ತಾ?” ಎಂದಳು.

ಸಂಜೆ ತಮ್ಮ ಬಂದಾಗ, ಬರಿ ಮಗ್ಗ ನೋಡಿ ನೋಡಿ ಬೇಜಾರಾಗಿದೆ, ಹಬ್ಬಕ್ಕೆ ಪಾವು ಹಾಕು ಎಂದು ಗದರಿದಳು. ಅವನ ಮುಖ ಅರಳಿದ್ದನ್ನು ನೋಡಬೇಕಿತ್ತು. ಅಡುಗೆಮನೆಗೆ ಬಂದು, “ನೋಡಿದ್ಯಾ ಅಕ್ಕ, ಅಮ್ಮನಿಗೆ ಒಂದೂ ತೆರಿಯಲೆ” ಎಂದು ಪಿಸುಗುಟ್ಟಿದ. ಮರುದಿನ ಬೀದಿಯವರೆಲ್ಲ ಸೇರಿ ಹಾಸು ಎಳೆದು ಕೊಟ್ಟರು.

ಅಲ್ಲಿಂದ ಮುಂದೆ ಮನೆಯಲ್ಲಿ ಎರಡು ಬಗೆಯ ಮಾತು ನಡೆಯಿತು. ತಲೆ ಬಾಚುವಾಗ, ಕಾಲು ಒತ್ತುವಾಗ, ಅಮ್ಮ ನನ್ನ ಹತ್ತಿರ ಎಲ್ಲ ಹೇಳಿಕೊಂಡಳು: ಯಾವ ಸೀರೆ ಹೊದಿಸಬೇಕು, ಯಾವ ಅತ್ತೆಯ ಜೊತೆ ಮುನಿಸು ಬಿಡಬೇಕು, ಸಾಯಲು ಎಷ್ಟು ಭಯ ಆಗುತ್ತದೆ. ತಮ್ಮ ಒಳಗೆ ಬಂದರೆ ನೂಲಿನ ದರ, ಕರೆಂಟು, ಮಳೆ. ಮಗ್ಗದಲ್ಲಿ ಕೂತ ಅವನ ಬೆನ್ನನ್ನು ಅವಳು ನೋಡುತ್ತಿದ್ದ ಬಗೆ ನನಗೆ ಸಹಿಸಲಾಗುತ್ತಿರಲಿಲ್ಲ. ಎದ್ದು ಹೊರಗೆ ಹೋಗುತ್ತಿದ್ದೆ.

ಪೊಂಗಲ್‌ಗೆ ಮುಂಚಿನ ಮಾರ್ಗಳಿ ತಿಂಗಳಲ್ಲಿ, ಬೆಳಗ್ಗೆ ಬೀದಿಯವರು ಅಂಗಳಕ್ಕೆ ರಂಗೋಲಿ ಹಾಕುವ ಹೊತ್ತಿಗೆ, ಅಮ್ಮ ಹೋದಳು. ಮಗ್ಗದ ಮೇಲೆ ಅರ್ಧ ಸೀರೆ ನಿಂತಿತು. ಬಂದವರೆಲ್ಲ ತಮ್ಮನನ್ನು ಹೊಗಳಿದರು: ಕೊನೆವರೆಗೂ ತಾಯಿಗೆ ಕವಲೆ, ಚಿಂತೆ ಇಲ್ಲದ ಹಾಗೆ ನೋಡಿಕೊಂಡ ಮಗ.

ಕರ್ಮವೆಲ್ಲ ಮುಗಿದು ನೆಂಟರು ಹೊರಟ ಮೇಲೆ ಅವನು ಅಮ್ಮನ ಖಾಲಿ ಮಂಚದ ಮೇಲೆ ಕೂತಿದ್ದ.

“ಅಕ್ಕ, ಎಲ್ಲಾರ ಮನೆಯಲ್ಲೂ ಸಾಯೋಕೆ ಮುಂಚೆ ಮಕ್ಕಳನ್ನ ಕರೆದು ಎರಡು ಮಾತು ಹೇಳ್ತಾರೆ. ನನಗೆ ಅಮ್ಮ ಒಂದೂ ಹೇಳಲೆ. ತೆರಿದಿದ್ರೆ ಕರೆದಿರೋಳು, ಅಲ್ವಾ? ಅಮ್ಮನಿಗೆ ನಿಜವಾಗ್ಲೂ ತೆರಿಯಲೇ ಇಲ್ವಾ ಅಕ್ಕ?”

ಗೊತ್ತಿತ್ತು ಎಂದರೆ, ಗೊತ್ತಿದ್ದೂ ತನ್ನನ್ನು ಕರೆಯಲಿಲ್ಲವಲ್ಲ ಎಂದು ಸಾಯುವವರೆಗೆ ಕೊರಗುತ್ತಾನೆ. ಗೊತ್ತಿರಲಿಲ್ಲ ಎಂದರೆ ಏನಾಗುತ್ತದೆ ಎಂಬುದೂ ನನಗೆ ಕಾಣುತ್ತಿತ್ತು. ಅಮ್ಮನ ತಲೆಯ ಮೇಲೆ ಇಟ್ಟ ಕೈ ನನ್ನದು.

“ಅವಳಿಗೆ ಏನೂ ಗೊತ್ತಿರಲಿಲ್ಲ” ಎಂದೆ.

ಅವನು ಟವೆಲಿನಲ್ಲಿ ಮುಖ ಮುಚ್ಚಿಕೊಂಡ. “ಹಾಗಾದ್ರೆ ಅಮ್ಮನ ಬಾಯಿ ಕಟ್ಟಿದೋನು ನಾನೇ” ಎಂದು ಚಿಕ್ಕ ಮಗುವಿನ ಹಾಗೆ ಅಳತೊಡಗಿದ. ನಾನು ಪಕ್ಕದಲ್ಲಿ ಕೂತು ಅವನ ಬೆನ್ನು ಸವರುತ್ತಿದ್ದೆ.