ಅಟ್ಲಾಸಿಗೆ ಅಂಟಿಸಿದ ದಾರ

ಮನೆಗೆ ಸುಣ್ಣ ಹೊಡೆಸಲು ಮೊನ್ನೆ ಅಟ್ಟ ಖಾಲಿ ಮಾಡುವಾಗ ಬಟ್ಟೆಯಲ್ಲಿ ಸುತ್ತಿದ್ದ ಹಳೆಯ ಅಟ್ಲಾಸ್ ಕೈಗೆ ಬಂತು. ನುಸಿಗುಳಿಗೆಯ ವಾಸನೆ ಗಪ್ಪೆಂದು ಹೊಡೆಯಿತು. ಗುಬ್ಬಿಯಲ್ಲಿ ನನಗೆ ಭೂಗೋಳ ಕಲಿಸಿದ ಮೇಷ್ಟ್ರು ಕೊಟ್ಟದ್ದು. ನಾಲ್ಕು ವರ್ಷ ಬಿಚ್ಚಿರಲಿಲ್ಲ. ಧೈರ್ಯ ಇರಲಿಲ್ಲ ಅನ್ನುವುದೇ ಸರಿ.

ನಕ್ಷೆಯ ಮೇಲೆ ದಾರ ಇಟ್ಟು ದೂರ ಅಳೆಯುವುದನ್ನು ಹೇಳಿಕೊಟ್ಟವರು ಅವರು. ಗುಬ್ಬಿಯಿಂದ ಕುಣಿಗಲ್ಲಿಗೆ ನೆಟ್ಟಗೆ ಸ್ಕೇಲ್ ಇಟ್ಟರೆ ತಲೆಗೆ ಮೊಟಕುತ್ತಿದ್ದರು. "ನೀನೇನು ಕಾಗೆಯೇನ್ಲಾ? ರಸ್ತೆ ಹೆಂಗ್ ತಿರುಗುತ್ತೋ ದಾರಾನೂ ಹಂಗೇ ತಿರುಗಿಸು." ಇಡೀ ಕ್ಲಾಸು ನಗುತ್ತಿತ್ತು.

ನಾಲ್ಕು ವರ್ಷದ ಹಿಂದೆ ಒಂದು ಬೆಳಿಗ್ಗೆ ಅವರ ಹೆಂಡತಿ ತೀರಿಕೊಂಡರು. ಇದ್ದ ಒಬ್ಬಳೇ ಮಗಳು ಗುವಾಹಟಿಯಲ್ಲಿ, ಅಳಿಯ ಸೈನ್ಯದಲ್ಲಿದ್ದ. ಅಮ್ಮನ ಮುಖ ತೋರಿಸದೆ ಮಣ್ಣು ಮಾಡಬೇಡಿ ಎಂದು ಫೋನಿನಲ್ಲಿ ಅತ್ತಳು. ಮಧ್ಯಾಹ್ನ ಒಂದು ಗಂಟೆಗೆ ಹೊರಡುವ ವಿಮಾನ ಸಿಕ್ಕಿತ್ತು. ಮೇಷ್ಟ್ರು ಪಕ್ಕದಲ್ಲೇ ನಿಂತಿದ್ದ ನನ್ನ ಕಡೆ ನೋಡಿದರು. ನಾನು ಮೊಬೈಲು ಒತ್ತಿ, "ಬೆಂಗಳೂರಿಗೆ ಮೂರೇ ಗಂಟೆ ಸಾರ್, ನಾಲ್ಕಕ್ಕೆ ಬಂದಂಗೇ" ಅಂದುಬಿಟ್ಟೆ. ಬೆಂಗಳೂರು ಅಂದರೆ ನಮ್ಮ ಕಡೆಯವರಿಗೆ ಪಕ್ಕದ ಬೀದಿ. ಹಿರಿಯರು ನನ್ನ ಮಾತು ನಂಬಿ ತೋಟದಲ್ಲಿ ಗುಂಡಿ ತೆಗೆಸಿದರು.

ನಾಲ್ಕಕ್ಕೆ ಅವಳು ಇಳಿದದ್ದು ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ. ಆರಕ್ಕೆ ಫೋನ್ ಮಾಡಿದಾಗ ಇನ್ನೂ ದಾಬಸ್‌ಪೇಟೆಯ ಹತ್ತಿರ, ಲಾರಿಗಳ ಮಧ್ಯೆ ಸಿಕ್ಕಿಕೊಂಡಿದ್ದಳು. ಹೊತ್ತು ಇಳಿಯುತ್ತಿತ್ತು.

"ತಡ ಆಗುತ್ತೆ ಅಂತ ಮೊದ್ಲೇ ಹೇಳಿದ್ರೆ ತುಮಕೂರಿಂದ ಫ್ರೀಜರ್ ತರಿಸಿ ನಾಳೆವರ್ಗೂ ಇಟ್ಕೊತಿದ್ವಿ" ಅಂದರು ಮೇಷ್ಟ್ರ ಅಣ್ಣ. "ತೆಗೆದ ಗುಂಡೀನ ರಾತ್ರಿ ಖಾಲಿ ಬುಡಂಗಿಲ್ಲ ಕಣಪ್ಪ."

ಮೇಷ್ಟ್ರು ಒಬ್ಬೊಬ್ಬರಿಗೂ ಕೈಮುಗಿದರು. "ಇನ್ನೊಂದು ಗಂಟೆ... ಮಗು ದಾರೀಲಿದೆ" ಎಂದು ಚಟ್ಟದ ಮುಂದೆ ಅಡ್ಡ ನಿಂತರು. ಅವರನ್ನು ಭುಜ ಹಿಡಿದು ಪಕ್ಕಕ್ಕೆ ಸರಿಸಿದರು. ನಾನು ಗುಂಪಿನ ಹಿಂದಕ್ಕೆ ಸರಿದೆ.

ಮಗಳು ಬಂದಾಗ ಮಣ್ಣು ಇನ್ನೂ ಹಸಿಯಾಗಿತ್ತು. ಅದರ ಮೇಲೆ ಬೋರಲು ಬಿದ್ದು ಎರಡು ಕೈಯಲ್ಲೂ ಬಗೆಯತೊಡಗಿದಳು. ಅವಳನ್ನು ಎಬ್ಬಿಸಲು ಮೂರು ಜನ ಬೇಕಾದರು.

ಹನ್ನೊಂದನೇ ದಿನ ಮೇಷ್ಟ್ರು ಈ ಅಟ್ಲಾಸ್ ಕೊಟ್ಟರು. "ತಗೊಂಡೋಗಿ ಬಿಚ್ಚಿ ನೋಡು. ನಿನ್ನೇ ನಂಬಿದೀನಿ ಕಣೋ." ನನಗದು ಚುಚ್ಚುಮಾತಾಗಿ ಕೇಳಿಸಿತು. ತಂದವನೇ ಬಟ್ಟೆ ಸುತ್ತಿ ಅಟ್ಟಕ್ಕೆ ಹಾಕಿದೆ. ಆಮೇಲೆ ನನಗೆ ಕುಣಿಗಲ್ಲಿಗೆ ವರ್ಗವಾಯಿತು, ಗಂಟು ಬಿಚ್ಚದೆಯೇ ಇಲ್ಲಿಯ ಅಟ್ಟಕ್ಕೂ ಏರಿಸಿದೆ, ಅವರ ಮನೆ ಕಡೆ ಹೋಗುವುದನ್ನೇ ಬಿಟ್ಟೆ. ಹೋದ ವರ್ಷ ಅವರೂ ಹೋದರು. ನನಗೆ ಗೊತ್ತಾದದ್ದು ಮೂರು ದಿನ ಕಳೆದ ಮೇಲೆ. ಆ ಸಲವೂ ಹೊತ್ತು ಮುಳುಗುವುದರೊಳಗೆ ಮುಗಿಸಿದರಂತೆ. ಆ ಸಲವೂ ಮಗಳು ಆಮೇಲೆ ಬಂದಳಂತೆ.

ಮೊನ್ನೆ ಬಿಚ್ಚಿದೆ. ಭಾರತದ ಪುಟದಲ್ಲಿ ಗುವಾಹಟಿಯಿಂದ ಗುಬ್ಬಿಯವರೆಗೆ ಕೆಂಪು ದಾರ ಅಂಟಿಸಿದ್ದರು. ಪಕ್ಕದಲ್ಲಿ ಅವರದೇ ದುಂಡು ಅಕ್ಷರ: ಮನೆಯಿಂದ ವಿಮಾನ ನಿಲ್ದಾಣಕ್ಕೆ ಒಂದು ಗಂಟೆ, ಅಲ್ಲಿ ಕಾಯಲು ಎರಡು, ವಿಮಾನ ಮೂರು, ಇಳಿದು ಹೊರಬರಲು ಒಂದು, ಗುಬ್ಬಿಗೆ ನಾಲ್ಕು. ಒಟ್ಟು ಹನ್ನೊಂದು. ಅದರ ಕೆಳಗೆ, "ನನ್ನ ಸರದಿ ಬಂದಾಗ ಇದನ್ನು ಎಲ್ಲರಿಗೂ ಓದಿ ಹೇಳು. ಗುಂಡಿ ಅವಳು ಬಂದ ಮೇಲೆ ತೆಗೆಯಲಿ."

ಮಗಳ ನಂಬರು ನನ್ನ ಹತ್ತಿರ ಇದೆ. ಮೂರು ದಿನದಿಂದ ತೆಗೆಯುತ್ತೇನೆ, ಇಡುತ್ತೇನೆ... ಅಪ್ಪನ ಮುಖವನ್ನಾದರೂ ಅವಳು ನೋಡಬಹುದಿತ್ತು. ಕಾಯಿರಿ ಎಂದು ಹೇಳಲು ಅವರು ನಂಬಿದ್ದು ನನ್ನೊಬ್ಬನನ್ನು, ನಾನು ಅದನ್ನು ಅಟ್ಟದ ಮೇಲೆ ಇಟ್ಟಿದ್ದೆ.