ಧಾರೆಯ ದಿನದ ಜಾಝ್ ಸ್ಪರ್ಧೆ

ನಮ್ಮದು ವಾಲಗದವರ ಮನೆ. ನರಸಿಂಹರಾಜಪುರದ ಸುತ್ತಮುತ್ತ ಮದುವೆ, ಉಪನಯನ, ಗೃಹಪ್ರವೇಶ ಯಾವುದಿದ್ದರೂ ಅಪ್ಪಯ್ಯ ಸ್ಯಾಕ್ಸೊಫೋನ್ ಊದುತ್ತಿದ್ದರು, ಚಿಕ್ಕಪ್ಪ ಡೋಲು ಬಾರಿಸುತ್ತಿದ್ದರು. ಅಜ್ಜನ ಕಾಲದಲ್ಲಿ ನಾಗಸ್ವರವಿತ್ತಂತೆ. ಅಪ್ಪಯ್ಯ ಹರೆಯದಲ್ಲಿ ಘಟ್ಟ ಇಳಿದು ಹೋಗಿ ಸ್ಯಾಕ್ಸೊಫೋನ್ ಕಲಿತು ಬಂದಿದ್ದರು. ಅವರಿಗೆ ನಾನೊಬ್ಬಳೇ ಮಗಳು. ನನಗೆ ಹನ್ನೊಂದು ತುಂಬಿದಾಗ ಸ್ಯಾಕ್ಸೊಫೋನಿನ ಪಟ್ಟಿಯನ್ನು ನನ್ನ ಕೊರಳಿಗೆ ಹಾಕಿ, “ಊದು, ಎಂತ ಬರ್ತದೆ ನೋಡುವ” ಅಂದರು. ಬಂದದ್ದು ಎಮ್ಮೆಯ ಕೂಗು. ಅಮ್ಮ ಒಳಗಿಂದ ಓಡಿ ಬಂದಿದ್ದಳು.

ಹದಿನೈದಕ್ಕೆ ಬರುವಷ್ಟರಲ್ಲಿ ಮನೆಗೆ ಇನ್ನೊಂದು ಹೊಸ ಸ್ಯಾಕ್ಸೊಫೋನ್ ಬಂದಿತ್ತು, ಅಪ್ಪಯ್ಯನ ಪಕ್ಕ ಕೂತು ಮದುವೆಗಳಿಗೆ ಊದುತ್ತಿದ್ದೆ. ಮೊದಮೊದಲು ಹೆಂಗಸರು ಊಟದ ಎಲೆ ಬಿಟ್ಟು ನನ್ನನ್ನೇ ನೋಡುತ್ತಿದ್ದರು. ಆಮೇಲೆ ಅವರಿಗೂ ಅಭ್ಯಾಸವಾಯಿತು, ನನಗೂ.

ಕೊಪ್ಪದ ಕಾಲೇಜಿನಲ್ಲಿ ಎರಡನೇ ವರ್ಷದ ಬಿ.ಎ. ಓದುತ್ತಿದ್ದಾಗ ಇಂಗ್ಲಿಷ್ ಮೇಡಂ ಒಂದು ಮಧ್ಯಾಹ್ನ ನನ್ನನ್ನು ಸ್ಟಾಫ್ ರೂಮಿಗೆ ಕರೆದು ತಮ್ಮ ಫೋನು ತೋರಿಸಿದರು. ಕಾಲೇಜು ವಿದ್ಯಾರ್ಥಿಗಳಿಗಾಗಿ ಜಾಝ್ ಸಂಗೀತದ ಸ್ಪರ್ಧೆ. ಗೆದ್ದವರಿಗೆ ವಿದ್ಯಾರ್ಥಿವೇತನ, ಜೊತೆಗೆ ಒಂದು ವರ್ಷ ದೊಡ್ಡ ವಾದಕರೊಬ್ಬರ ಹತ್ತಿರ ಪಾಠ.

“ಜಾಝ್ ಅಂದ್ರೆ ಎಂತ ಮೇಡಂ?”

“ನಂಗೂ ಸರಿಯಾಗಿ ಗೊತ್ತಿಲ್ಲ ಕಣೇ. ಆದ್ರೆ ಅದ್ರಲ್ಲಿ ಸ್ಯಾಕ್ಸೊಫೋನ್ ಇರುತ್ತೆ. ನಿನ್ನ ಹತ್ರನೂ ಇದೆ. ಇನ್ನೇನು ಬೇಕು?”

ಮೇಡಂ ಕಳಿಸಿದ ಲಿಂಕುಗಳನ್ನು ನಾನು ಬಸ್ಸಿನಲ್ಲಿ ಕೇಳುತ್ತಿದ್ದೆ. ದಾರಿಯ ಒಂದು ತಿರುವಿನಲ್ಲಿ ನೆಟ್‌ವರ್ಕ್ ಹೋಗುತ್ತಿತ್ತು, ಹಾಡು ಅರ್ಧಕ್ಕೆ ನಿಲ್ಲುತ್ತಿತ್ತು. ಹಾಗಾಗಿ ಎಷ್ಟೋ ದಿನ ಆ ಹಾಡುಗಳ ಮೊದಲರ್ಧ ಮಾತ್ರ ನನಗೆ ಗೊತ್ತಿತ್ತು. ನಮ್ಮ ಮನೆಯಲ್ಲಿರುವ ವಾದ್ಯವೇ ಅದು, ಆದರೆ ದನಿ ಬೇರೆ ಯಾರದೋ. ಒಮ್ಮೆ ಗೊಣಗಿದ ಹಾಗೆ, ಒಮ್ಮೆ ಜಗಳ ತೆಗೆದ ಹಾಗೆ, ಒಮ್ಮೆ ತುಂಬ ಹೊತ್ತು ಅತ್ತು ಸುಮ್ಮನಾದವರ ಉಸಿರಿನ ಹಾಗೆ. ಅಪ್ಪಯ್ಯ ನನಗೆ ಎಲ್ಲವನ್ನೂ ಕಿವಿಯಿಂದಲೇ ಕಲಿಸಿದ್ದರು. ಇದನ್ನೂ ಹಾಗೆಯೇ ಕಲಿತೆ. ಅಪ್ಪಯ್ಯ ಜಗಲಿಯಲ್ಲಿ ಕೂತು ಕೇಳಿ, “ಇದೆಂತ ರಾಗ ಮಾರಾಯ್ತಿ, ಗಾಂಧಾರ ಮೇಲೂ ಅಲ್ಲ, ಕೆಳಗೂ ಅಲ್ಲ. ಆದ್ರೆ ಚಂದ ಉಂಟು. ಇನ್ನೊಂದ್ಸಲ ಊದು” ಅನ್ನುತ್ತಿದ್ದರು.

ಮೊದಲ ಸುತ್ತಿಗೆ ವಿಡಿಯೊ ಕಳಿಸಬೇಕಿತ್ತು. ಶೃಂಗೇರಿಯ ಆರ್ಕೆಸ್ಟ್ರಾವೊಂದರ ಕೀಬೋರ್ಡಿನವರು ತಮ್ಮ ಮನೆಯ ಮಾಳಿಗೆಯಲ್ಲಿ ಜೊತೆಗೆ ನುಡಿಸಿದರು, ಮೇಡಂ ಫೋನು ಹಿಡಿದು ನಿಂತರು. ಮೂರು ವಾರದ ನಂತರ ನಾನು ಕೊನೆಯ ಸುತ್ತಿಗೆ ಆಯ್ಕೆಯಾಗಿದ್ದೇನೆಂದು ಪತ್ರ ಬಂತು. ಮೇಡಂ ಕಾರಿಡಾರಿನಲ್ಲೇ ನನ್ನ ಕೈ ಹಿಡಿದು ಕುಣಿದರು. ಕೊನೆಯ ಸುತ್ತು ವಿಡಿಯೊ ಕರೆಯಲ್ಲಿ, ಮದುವೆಗಳ ಕಾಲದ ನಟ್ಟನಡುವೆ, ಒಂದು ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ.

ಪತ್ರ ಬಂದ ವಾರದಲ್ಲೇ ಒಂದು ಬೆಳಿಗ್ಗೆ ಅಪ್ಪಯ್ಯ ಬಾಯಿ ಮುಕ್ಕಳಿಸಲು ಹೋದಾಗ ನೀರು ಬಲಗಡೆಯ ಮೂಲೆಯಿಂದ ತಾನಾಗಿ ಸುರಿಯಿತು. ಅವರು ನಮ್ಮ ಕಡೆ ತಿರುಗಿದರು. ಅರ್ಧ ಮುಖ ನಗುವ ಪ್ರಯತ್ನದಲ್ಲಿತ್ತು, ಇನ್ನರ್ಧ ಜೋತುಬಿದ್ದಿತ್ತು. ಕೊಪ್ಪದ ಡಾಕ್ಟರು ಪರೀಕ್ಷೆ ಮಾಡಿ, ಇದು ಪಾರ್ಶ್ವವಾಯು ಅಲ್ಲ, ಮುಖದ ನರದ ತೊಂದರೆ, ಹೆಚ್ಚಿನವರಿಗೆ ಗುಣವಾಗುತ್ತದೆ ಅಂದರು. ಅಪ್ಪಯ್ಯ ಕೇಳಿದ್ದು ಒಂದೇ ಮಾತು: “ಊದೂಕೆ ಯಾವಾಗ ಆಗ್ತದೆ?”

“ಅದನ್ನ ಹೇಳಕ್ಕೆ ಆಗಲ್ಲ” ಅಂದರು ಡಾಕ್ಟರು.

ಮಾತ್ರೆ ನುಂಗಿದರು. ಕನ್ನಡಿಯ ಮುಂದೆ ಕೂತು ಹುಬ್ಬು ಏರಿಸುವುದು, ಕೆನ್ನೆ ಉಬ್ಬಿಸುವುದು, ಹೇಳಿಕೊಟ್ಟದ್ದನ್ನೆಲ್ಲ ಮಾಡಿದರು. ಒಂದು ಮಧ್ಯಾಹ್ನ ನಾನು ಕಾಲೇಜಿನಿಂದ ಬಂದಾಗ ಅಪ್ಪಯ್ಯ ಹಳೆಯ ಸ್ಯಾಕ್ಸೊಫೋನ್ ಹಿಡಿದು ಕೂತಿದ್ದರು. ಅಮ್ಮ ಪಕ್ಕದಲ್ಲಿ ಮೊಣಕಾಲೂರಿ, ಗಾಳಿ ಸೋರದಂತೆ ಅವರ ಬಾಯಿಯ ಬಲಮೂಲೆಯನ್ನು ಎರಡು ಬೆರಳಿನಿಂದ ಒತ್ತಿ ಹಿಡಿದಿದ್ದಳು. ಅಪ್ಪಯ್ಯ ಊದಿದರು. ಒಂದು ಸ್ವರ ಎದ್ದು, ನಡುಗಿ, ಬರೀ ಗಾಳಿಯಾಯಿತು. ಅಮ್ಮ ಇನ್ನೂ ಗಟ್ಟಿಯಾಗಿ ಒತ್ತಿದಳು. ನಾನು ಹೊಸ್ತಿಲು ದಾಟದೆ ಹಿಂದಕ್ಕೆ ಹೋಗಿ, ಬಾವಿಕಟ್ಟೆಯ ಹತ್ತಿರ ಸುಮ್ಮನೆ ನಿಂತೆ. ಮಾಡಲು ಏನೂ ಇರಲಿಲ್ಲ.

ಒಪ್ಪಿಕೊಂಡ ಮದುವೆಗಳಿಗೆಲ್ಲ ನಾನೇ ಊದಿದೆ. ಸ್ಪರ್ಧೆಯ ಭಾನುವಾರ ಮಾತ್ರ ಅಡ್ಡಗದ್ದೆಯಲ್ಲಿ ಒಂದು ಮದುವೆಯಿತ್ತು. ಅದಕ್ಕೆ ಕಮ್ಮರಡಿ ಕಡೆಯ ಇನ್ನೊಬ್ಬ ವಾದಕರನ್ನು ಚಿಕ್ಕಪ್ಪ ಗೊತ್ತು ಮಾಡಿದರು. ನಾನು ಒಳ್ಳೆಯ ಸ್ಯಾಕ್ಸೊಫೋನ್ ತೆಗೆದುಕೊಂಡು ಹಿಂದಿನ ದಿನವೇ ಕೊಪ್ಪಕ್ಕೆ ಹೋಗಿ ಮೇಡಂ ಮನೆಯಲ್ಲಿ ಉಳಿದೆ. ಹೊರಡುವಾಗ ಅಪ್ಪಯ್ಯ, “ಎದುರಿಗೆ ಯಾರು ಕೂತಿದ್ದಾರೆ ಅಂತ ನೋಡ್ಬೇಡ. ಶ್ರುತಿ ಕೇಳ್ಕೊ, ಸಾಕು” ಅಂದರು. ಪ, ಬ, ಮ ಅನ್ನುವ ಅಕ್ಷರಗಳು ಅವರ ತುಟಿಯಲ್ಲಿ ಇನ್ನೂ ಸರಿಯಾಗಿ ನಿಲ್ಲುತ್ತಿರಲಿಲ್ಲ.

ಭಾನುವಾರ ಹನ್ನೊಂದಕ್ಕೆ ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲಿ ಕೂತೆ. ಮೇಡಂ ಕ್ಯಾಮೆರಾಕ್ಕೆ ಕಾಣದ ಹಾಗೆ ಮೂಲೆಯಲ್ಲಿ ನಿಂತರು. ನಿಯಮದ ಪ್ರಕಾರ ನನ್ನ ಫೋನು ಆಫ್ ಆಗಿತ್ತು. ಪರದೆಯ ಮೇಲೆ ಮೂವರು ತೀರ್ಪುಗಾರರು. ಕಲಿತ ಹಾಡನ್ನು ಚೆನ್ನಾಗಿಯೇ ಊದಿದೆ. ಅವರಲ್ಲೊಬ್ಬರು, ಬೆಳ್ಳಿ ಕೂದಲಿನ ಹೆಂಗಸು, ಕಣ್ಣು ಮುಚ್ಚಿ ತಲೆದೂಗಿದ್ದನ್ನು ಕಂಡೆ. ಆಮೇಲೆ ಅವರು ಇಂಗ್ಲಿಷಿನಲ್ಲಿ, ಈಗ ನಾವು ಹಿನ್ನೆಲೆ ವಾದ್ಯ ಹಾಕುತ್ತೇವೆ, ನೀವು ನಿಮ್ಮದೇ ಆದದ್ದು ನುಡಿಸಿ, ಯಾವ ಕೀ ಬೇಕು ಅಂದರು.

ನಾನು “ಎರಡೂವರೆ” ಅಂದೆ.

ಅವರು ಮುಖ ಮುಖ ನೋಡಿಕೊಂಡರು. ನಮ್ಮಲ್ಲಿ ಶ್ರುತಿ ಹೇಳುವುದೇ ಹಾಗೆ, ಎರಡೂವರೆ ಮನೆ, ಐದು ಮನೆ. ಅವರ ಭಾಷೆಯಲ್ಲಿ ಅದಕ್ಕೆ ಏನನ್ನುತ್ತಾರೆ ನನಗೆ ತಿಳಿದಿರಲಿಲ್ಲ. ಮೇಡಂ ಕಡೆ ನೋಡಿದೆ. ಅವರು ಎರಡೂ ಕೈ ಬಿಚ್ಚಿ, ತುಟಿ ಕಚ್ಚಿಕೊಂಡು ನಿಂತಿದ್ದರು. ಕೊನೆಗೆ ಒಂದು ಸ್ವರ ಊದಿ ತೋರಿಸಿದೆ. ಸಂಗೀತ ಶುರುವಾಯಿತು.

ಅಪ್ಪಯ್ಯ ಹೇಳಿದಂತೆ ಷಡ್ಜವನ್ನು ಹಿಡಿದುಕೊಂಡೆ. ಆದರೆ ಅಲ್ಲಿ ಷಡ್ಜ ನಿಲ್ಲುತ್ತಲೇ ಇರಲಿಲ್ಲ. ನಾಲ್ಕು ಎಣಿಸುವಷ್ಟರಲ್ಲಿ ಪಿಯಾನೊ ಬೇರೆಲ್ಲಿಗೋ ಹೋಗುತ್ತಿತ್ತು, ಹಿಂದಿರುಗುತ್ತಿತ್ತು, ಮತ್ತೆ ಹೋಗುತ್ತಿತ್ತು. ನಾನು ನನ್ನ ಜಾಗದಲ್ಲೇ ಕೂತು, ಬೆರಳಿಗೆ ಬಂದ ಆಲಾಪನೆ ಮಾಡಿದೆ. ಎಲ್ಲಿ ತಪ್ಪುತ್ತಿದೆಯೆಂದು ಕಿವಿಗೆ ಗೊತ್ತಾಗುತ್ತಿತ್ತು. ಸರಿ ಮಾಡುವುದು ಹೇಗೆಂದು ಬೆರಳಿಗೆ ಗೊತ್ತಿರಲಿಲ್ಲ.

ಮುಗಿದ ಮೇಲೆ ಆ ಹೆಂಗಸು ಕನ್ನಡದಲ್ಲೇ ಹೇಳಿದರು: “ನಿಮ್ಮ ನಾದ ತುಂಬ ದೊಡ್ಡದಮ್ಮ. ಆದರೆ ಜೊತೆಗೆ ನುಡಿಸ್ತಿದ್ದವರು ವಾದ್ಯದಲ್ಲೇ ಏನೇನೋ ಮಾತಾಡ್ತಿದ್ದರು. ನೀವು ಯಾರಿಗೂ ಉತ್ತರ ಕೊಡಲಿಲ್ಲ. ಇದನ್ನ ಕಲಿಸೋರು ಅಲ್ಲಿ ಯಾರಾದ್ರೂ ಇದಾರಾ?”

“ಇಲ್ಲ” ಅಂದೆ.

“ಹೌದು, ಅದೇ ಕಷ್ಟ” ಅಂದರು. ಪರದೆ ಕಪ್ಪಾಯಿತು.

ಫೋನು ಹಾಕಿದೆ. ಕಳೆದ ಅರ್ಧ ಗಂಟೆಯಲ್ಲಿ ಚಿಕ್ಕಪ್ಪ ಒಂಬತ್ತು ಸಲ ಕರೆ ಮಾಡಿದ್ದರೆಂದು ಮೆಸೇಜು ಬಂತು. ನಾನು ಮಾಡಿದಾಗ ಅವರು ಡೋಲಿನವರಿಗೆ ಸಹಜವಲ್ಲದ ಸಣ್ಣ ದನಿಯಲ್ಲಿ ಮಾತಾಡಿದರು. ಕಮ್ಮರಡಿಯವರಿಗೆ ಬೆಳಗಿನ ಜಾವ ಜ್ವರ ಬಂದಿತ್ತು. ವಿಷಯ ತಿಳಿದ ಅಪ್ಪಯ್ಯ, ಸ್ಪರ್ಧೆ ಮುಗಿಯುವವರೆಗೆ ಅವಳಿಗೆ ಹೇಳಬೇಡ ಎಂದು ಆಣೆ ಹಾಕಿ, ಹಳೆಯ ಸ್ಯಾಕ್ಸೊಫೋನ್ ತೆಗೆದುಕೊಂಡು ತಾವೇ ಹೊರಟಿದ್ದರು.

“ಅಪ್ಪಯ್ಯ ಈಗ ಹ್ಯಾಂಗಿದಾರೆ?”

“ಅಣ್ಣ ಕೂತಿದಾನೆ. ನೀ ಬಾ ಮಾರಾಯ್ತಿ.”

ಮೇಡಂ ಸ್ಕೂಟರಿನಲ್ಲಿ ಬಸ್ ಸ್ಟ್ಯಾಂಡಿಗೆ ಬಿಟ್ಟರು. ಶೃಂಗೇರಿ ಬಸ್ಸು ಒಂದೊಂದು ಸ್ಟಾಪಿನಲ್ಲೂ ಜನ ಹತ್ತಿಸಿಕೊಳ್ಳುತ್ತ ನಿಧಾನಕ್ಕೆ ಹೋಯಿತು. ಕಂಡಕ್ಟರಿಗೆ ಬೇಗ ಹೋಗಿ ಅನ್ನಬೇಕೆಂದು ಎರಡು ಸಲ ಬಾಯಿ ತೆರೆದೆ. ಮುಗಿದುಹೋದ ಮುಹೂರ್ತಕ್ಕೆ ಬೇಗ ಹೋಗಿ ಏನು ಮಾಡುವುದು?

ಅಡ್ಡಗದ್ದೆಯ ಮದುವೆಮನೆಯಲ್ಲಿ ಕೊನೆಯ ಪಂಕ್ತಿ ಏಳುತ್ತಿತ್ತು. ಚಪ್ಪರದ ಕಂಬದ ಪಕ್ಕ ಅಪ್ಪಯ್ಯ ಕೂತಿದ್ದರು. ಬಾಯಿಯ ಬಲಮೂಲೆಗೆ ಗಾಯಕ್ಕೆ ಅಂಟಿಸುವ ಬಿಳಿ ಪಟ್ಟಿ. ಗಾಳಿ ಸೋರದಿರಲೆಂದು ಅದನ್ನು ದಾರಿಯಲ್ಲಿ ಮೆಡಿಕಲ್ ಶಾಪಿನಿಂದ ತೆಗೆದುಕೊಂಡಿದ್ದರಂತೆ. ಬೆವರಿಗೆ ಅದರ ಒಂದು ತುದಿ ಎದ್ದು ಬಂದಿತ್ತು.

ಚಿಕ್ಕಪ್ಪ ನನ್ನನ್ನು ಬದಿಗೆ ಕರೆದು ಹೇಳಿದರು. ಶುರುವಿನ ಎರಡು ಕೀರ್ತನೆ ಹೇಗೋ ದಾಟಿತಂತೆ. ಧಾರೆಯ ಹೊತ್ತಿಗೆ ಪುರೋಹಿತರು ಕೈಯೆತ್ತಿ ಗಟ್ಟಿಮೇಳ ಎಂದಾಗ ಸ್ಯಾಕ್ಸೊಫೋನಿನಿಂದ ಗಾಳಿ ಮಾತ್ರ ಬಂತಂತೆ. ಅಪ್ಪಯ್ಯ ಮತ್ತೆ ಊದಿದರಂತೆ, ಮತ್ತೆ. ಚಿಕ್ಕಪ್ಪ ಚರ್ಮ ಹರಿಯುವ ಹಾಗೆ ಡೋಲು ಬಾರಿಸಿದರಂತೆ. ಅಷ್ಟರಲ್ಲಿ ಯಾರೋ ಫೋನನ್ನು ಧ್ವನಿವರ್ಧಕಕ್ಕೆ ಜೋಡಿಸಿ ಯಾವುದೋ ರೆಕಾರ್ಡಿನ ನಾಗಸ್ವರ ಹಾಕಿದರಂತೆ. ಅಕ್ಷತೆ ಬಿತ್ತು, ತಾಳಿ ಕಟ್ಟಿಯಾಯಿತು.

ಯಾರೂ ಬೈಯಲಿಲ್ಲ. ಹೆಣ್ಣಿನ ಅಪ್ಪ ನಾನು ಬಂದದ್ದು ಕಂಡು ಹತ್ತಿರ ಬಂದು, “ಪಾಪ, ಆರಾಮಿಲ್ಲ ಅಂತ ಮೊದ್ಲೇ ಹೇಳಿದ್ರೆ ಆಗ್ತಿತ್ತು. ಅವ್ರಿಗೆ ಊಟ ಮಾಡ್ಸಿ, ಆಗಿಂದ ಬ್ಯಾಡ ಅಂತಿದಾರೆ” ಅಂದರು. ಅವರು ಬೈದಿದ್ದರೆ ನಮಗೆ ತಲೆ ತಗ್ಗಿಸಿ ನಿಲ್ಲುವ ಕೆಲಸವಾದರೂ ಇರುತ್ತಿತ್ತು.

ನಾನು ಹತ್ತಿರ ಹೋಗಿ ಕೂತೆ. “ಯಾಕೆ ಬಂದ್ರಿ ಅಪ್ಪಯ್ಯ?”

ಅವರು ನೆಲ ನೋಡುತ್ತ, “ಮನೇಲಿ ಮೂರು ಸ್ವರ ಬಂದಿತ್ತು. ಬರ್ತದೆ ಅಂದ್ಕಂಡೆ” ಅಂದರು. ಎದ್ದು ಬಂದಿದ್ದ ಪಟ್ಟಿಯ ತುದಿಯನ್ನು ಬೆರಳಿನಿಂದ ಒತ್ತುತ್ತ, “ನಿಂದು ಎಂತಾತು?” ಎಂದು ಕೇಳಿದರು.

“ಆತು.”

“ಚಲೋ ಆತಾ?”

“ನಾದ ದೊಡ್ಡದು ಅಂದ್ರು.”

ತಲೆಯಾಡಿಸಿದರು. ಉಳಿದದ್ದನ್ನು ನಾನು ಹೇಳಲಿಲ್ಲ.

ಮೂರು ಗಂಟೆಗೆ ಹೆಣ್ಣು ಒಪ್ಪಿಸುವ ಶಾಸ್ತ್ರವಿತ್ತು. ನಾನು ಊದಿದೆ, ಚಿಕ್ಕಪ್ಪ ಮೆಲ್ಲಗೆ ಡೋಲು ಹಿಡಿದರು. ಅಪ್ಪಯ್ಯ ಶ್ರುತಿಪೆಟ್ಟಿಗೆ ಮಡಿಲಲ್ಲಿಟ್ಟುಕೊಂಡು, ಪಟ್ಟಿ ಕಿತ್ತು ಹಾಕಿ, ಮುಖವನ್ನು ಗೋಡೆಯ ಕಡೆ ತಿರುಗಿಸಿ ಕೂತಿದ್ದರು. ಹುಡುಗಿಯ ತಾಯಿ ಅಳುತ್ತಿದ್ದಳು, ಎಲ್ಲರೂ ಅಳುತ್ತಿದ್ದರು. ಹಾಗಾಗಿ ನಮ್ಮನ್ನು ಯಾರೂ ಗಮನಿಸಲಿಲ್ಲ.

ಎರಡು ವಾರದ ಮೇಲೆ ಪತ್ರ ಬಂತು. ವಿದ್ಯಾರ್ಥಿವೇತನ ಒಬ್ಬ ಪಿಯಾನೊ ವಾದಕನಿಗೆ ಸಿಕ್ಕಿತ್ತು. ನನ್ನ ಬಗ್ಗೆ ಒಳ್ಳೆಯ ನಾಲ್ಕು ಮಾತಿತ್ತು, ಮುಂದಿನ ವರ್ಷ ಮತ್ತೆ ಬನ್ನಿ ಎಂದಿತ್ತು. ಮಳೆಗಾಲ ಕಳೆಯುವಷ್ಟರಲ್ಲಿ ಅಪ್ಪಯ್ಯನ ಮುಖ ಹೆಚ್ಚುಕಡಿಮೆ ನೇರವಾಯಿತು. ಹೊರಗಿನವರಿಗೆ ಗೊತ್ತಾಗುವುದಿಲ್ಲ. ಆದರೆ ಮೇಲಿನ ಸ್ಥಾಯಿಗೆ ಹೋದರೆ ತುಟಿ ಬಿಟ್ಟುಕೊಳ್ಳುತ್ತದೆ. ಈಗ ಅವರು ಮದುವೆಗಳಲ್ಲಿ ನನ್ನ ಪಕ್ಕ ಕೂತು ಕೆಳಗಿನ ಸ್ವರಗಳನ್ನಷ್ಟೇ ಹಿಡಿಯುತ್ತಾರೆ.

ಮುಂದಿನ ವರ್ಷ ಪ್ರಕಟಣೆ ಬಂದಾಗ ನಾನು ಕೊನೆಯ ವರ್ಷದಲ್ಲಿದ್ದೆ. ಕಾಲೇಜು ಮುಗಿದರೆ ಆ ಸ್ಪರ್ಧೆಗೆ ಅರ್ಹತೆಯೂ ಮುಗಿಯುತ್ತದೆ. ಮೇಡಂಗೆ ವರ್ಗವಾಗಿತ್ತು, ಆದರೂ ಮರೆಯದೆ ಲಿಂಕು ಕಳಿಸಿದ್ದರು. ಜಗಲಿಯಲ್ಲಿ ಕೂತು ಫೋನಿನಲ್ಲಿ ಅರ್ಜಿ ತುಂಬುತ್ತ ಹೋದೆ. ಈ ಸಲ ನಿಯಮ ಬದಲಾಗಿತ್ತು. ಜೊತೆ ವಾದಕರನ್ನು ಸ್ಪರ್ಧಿಯೇ ಕರೆತರಬೇಕಿತ್ತು.

“ಎಂತ, ನಿಲ್ಸಿದೆ?” ಅಂದರು ಅಪ್ಪಯ್ಯ.

“ಜೊತೆಗೆ ನುಡಿಸೋರ ಹೆಸರು ಕೇಳ್ತಿದಾರೆ.”

“ಚಿಕ್ಕಪ್ಪನ ಹೆಸರು ಹಾಕು. ಡೋಲು ಅಂತ ಬರಿ.”

“ಡೋಲು ಆಗಲ್ಲ ಅಪ್ಪಯ್ಯ.”

“ಆಗಲ್ಲ ಅಂತ ಎಲ್ಲಿ ಬರ್ದಿದೆ?”

ಬರೆದಿತ್ತು. ಪಿಯಾನೊ, ಡ್ರಮ್ಸ್, ಬೇಸ್ ಗಿಟಾರ್ ಎಂದು ಓದಿ ಹೇಳಿದೆ. ಮೂವರೂ ಕಾಲೇಜು ವಿದ್ಯಾರ್ಥಿಗಳೇ ಆಗಿರಬೇಕೆಂದೂ ಓದಿದೆ. ಅಪ್ಪಯ್ಯ ಇನ್ನೊಮ್ಮೆ ಓದು ಅಂದರು. ಓದಿದೆ. ನಮ್ಮ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದಲ್ಲಿ ಗೊತ್ತಿದ್ದ ಹುಡುಗ ಹುಡುಗಿಯರನ್ನೆಲ್ಲ ಇಬ್ಬರೂ ಸೇರಿ ನೆನಪು ಮಾಡಿಕೊಂಡೆವು. ಭಜನೆಗೆ ತಬಲಾ ಬಾರಿಸುವ ಒಬ್ಬ, ಯಕ್ಷಗಾನದ ಚಂಡೆ ಕಲಿಯುತ್ತಿದ್ದ ಇನ್ನೊಬ್ಬ. ಅಲ್ಲಿಗೆ ಪಟ್ಟಿ ಮುಗಿಯಿತು.

ಅರ್ಜಿಯನ್ನು ಅಳಿಸಲಿಲ್ಲ, ಕಳಿಸಲೂ ಇಲ್ಲ. ಕೊನೆಯ ದಿನಾಂಕ ದಾಟಿದ ಮೇಲೆ ಆ ಪುಟ ತೆರೆಯುವುದು ತಾನಾಗಿಯೇ ನಿಂತಿತು.