ಕಾವಲಂಚಿನ ಹುಣಸೆತೋಪು

ಬಿಸಿಲು ಬಲಿಯುವ ಹೊತ್ತಿಗೆ ತುಮಕೂರಿನ ಮಂಡಿಪೇಟೆಗೆ ಹೊಸ ಹುಣಸೆಹಣ್ಣು ಬಂದಿಳಿಯುತ್ತದೆ. ಚೀಲದ ಬಾಯಿ ಬಿಚ್ಚಿದರೆ ಸಾಕು, ಸ್ವಲ್ಪ ಬೆಲ್ಲದ ಪಾಕದಂತೆ, ಸ್ವಲ್ಪ ಒದ್ದೆಮಣ್ಣಿನಂತೆ ಇರುವ ಆ ಹುಳಿವಾಸನೆ ನೇರ ಗಂಟಲಿಗೇ ಇಳಿಯುತ್ತದೆ. ಬೇರೆಯವರಿಗೆ ಬಾಯಲ್ಲಿ ನೀರೂರುತ್ತದೆ, ಅಷ್ಟೇ. ನನಗೆ ಮೊದಲು ನೀರೂರುತ್ತದೆ, ಆಮೇಲೆ ಕೋಪ ಬರುತ್ತದೆ. ಅರವತ್ತರ ಹತ್ತಿರದ ಹೆಂಗಸು ಮಂಡಿಯ ಬಾಗಿಲಲ್ಲಿ ಹಲ್ಲುಕಚ್ಚಿ ನಿಂತರೆ ಹಮಾಲರು ಏನೆಂದುಕೊಳ್ಳುತ್ತಾರೋ ತಿಳಿಯದು. ನಿಮ್ಮದೂ ಏನಾದರೂ ಹೀಗೆ ಹೋಗಿದ್ದರೆ, ಅದೂ ಕೈತಪ್ಪಿ ಹೋದದ್ದಲ್ಲ, ಕಣ್ಣೆದುರೇ ಯಾರೋ ಕಿತ್ತು ಇನ್ಯಾರಿಗೋ ಕೊಟ್ಟದ್ದಾಗಿದ್ದರೆ, ನನ್ನ ಮಾತು ನಿಮಗೆ ಅರ್ಥವಾದೀತು.

ಗುಬ್ಬಿಯ ಹೊರಗೆ, ಊರಿನ ದನಕರು ಮೇಯುತ್ತಿದ್ದ ದೊಡ್ಡ ಕಾವಲಿನ ಅಂಚಿನಲ್ಲಿ ನಮ್ಮ ಹುಣಸೆತೋಪಿತ್ತು. ತೋಪಿನ ನಡುವೆ ನಾಡಹೆಂಚಿನ ಉದ್ದನೆಯ ಮನೆ. ಮನೆಗಿಂತ ಅದರ ಜಗಲಿಯೇ ದೊಡ್ಡದು. ಸುಗ್ಗಿಯಲ್ಲಿ ಗಂಡಸರು ಕೊಂಬೆಗಳ ಮೇಲೆ ನಿಂತು ಕುಲುಕಿದರೆ ಒಣಗಿದ ಹಣ್ಣುಗಳು ಮಳೆಯ ಹಾಗೆ ಸದ್ದು ಮಾಡುತ್ತ ಉದುರುತ್ತಿದ್ದವು. ಹೆಂಗಸರು ಜಗಲಿಯ ಮೇಲೆ ಸಾಲಾಗಿ ಕೂತು, ಮೇಲಿನ ಓಡು ಒಡೆದು, ನಾರು ಎಳೆದು, ಸಣ್ಣ ಸುತ್ತಿಗೆಯಿಂದ ತಟ್ಟಿ ಬೀಜ ಬಿಡಿಸುತ್ತಿದ್ದರು. ಆ ಟಕ್ ಟಕ್ ಸದ್ದಿನಲ್ಲೇ ನನಗೆ ಬೆಳಗಾಗುತ್ತಿತ್ತು, ಆ ಸದ್ದಿನಲ್ಲೇ ಮಧ್ಯಾಹ್ನದ ನಿದ್ದೆಯೂ ಬರುತ್ತಿತ್ತು. ಹುಳಿ ಹಿಡಿದು ಅವರ ಬೆರಳ ತುದಿಗಳು ಸುಲಿದುಹೋಗಿರುತ್ತಿದ್ದವು. ಸಂಜೆ ನಮ್ಮ ಅಮ್ಮಿ ಎಲ್ಲರಿಗೂ ಕೊಬ್ಬರಿ ಎಣ್ಣೆ ಕೊಡುತ್ತಿದ್ದರು. ನಾನು ಬೂದಿಯೊಳಗೆ ಹುಣಸೆಬೀಜ ಸುಟ್ಟುಕೊಂಡು, ದವಡೆ ನೋಯುವವರೆಗೂ ಕಟುಂ ಕಟುಂ ಎಂದು ಅಗಿಯುತ್ತಿದ್ದೆ.

ತೋಪು ಕೊಂಡದ್ದು ತಾತ. ಅವರನ್ನು ನಾನು ನೋಡಿದವಳಲ್ಲ. ನಾನು ಕಂಡದ್ದು ಅವರ ಹೆಂಡತಿಯನ್ನು, ನಮ್ಮ ದಾದಿಮಾರನ್ನು. ಮನೆಯೊಳಗೆ ನಾವು ಉರ್ದು ಮಾತಾಡುತ್ತಿದ್ದೆವು. ಹೊಸ್ತಿಲು ದಾಟಿದರೆ ಕನ್ನಡ, ಅದರಲ್ಲೂ ದಾದಿಮಾರದು ಮಂಡಿಯಲ್ಲಿ ಕಲಿತ ಗಟ್ಟಿ ಕನ್ನಡ. ಯಾವ ಮರದ ಹಣ್ಣು ಸಾರಿಗೆ, ಯಾವುದು ಗೊಜ್ಜಿಗೆ ಎಂದು ಗಿರಾಕಿಗಳು ಅವರನ್ನೇ ಕೇಳುತ್ತಿದ್ದರು. ಅಬ್ಬಾನ ಹೆಸರು ಖಾದರ್. ಊರವರಿಗೆ ಮಾತ್ರ ಅವರು ಹುಣಸೆ ಸಾಬ್ರು. ಮಾತು ಕಡಿಮೆ, ಸಿಟ್ಟು ಜಾಸ್ತಿ. ಆದರೆ ತೋಪಿನೊಳಗೆ ಕಾಲಿಟ್ಟರೆ ಅವರ ನಡಿಗೆಯೇ ಬದಲಾಗುತ್ತಿತ್ತು, ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ನಡೆಯುತ್ತಿದ್ದರು.

ನಾನು ಮೂರನೇ ಕ್ಲಾಸಿನಲ್ಲಿದ್ದೆ. ಒಂದು ಬೆಳಿಗ್ಗೆ ಕಾವಲಿನ ಕಡೆಯಿಂದ ಲಾರಿಗಳು ಬಂದವು. ಹಾಸನದ ಆಚೆ ಎಲ್ಲೋ ಅಣೆಕಟ್ಟೆ ಕಟ್ಟಿದ್ದರಂತೆ, ನೀರು ನಿಂತು ಊರುಗಳು ಮುಳುಗಿದ್ದವಂತೆ. ಆ ಊರಿನವರನ್ನು ತಂದು ನಮ್ಮ ಕಾವಲಿನಲ್ಲಿ ಇಳಿಸಿದರು. ಲಾರಿಯಿಂದ ಇಳಿದ ಸಾಮಾನಿನಲ್ಲಿ ನನಗೆ ವಿಚಿತ್ರವಾಗಿ ಕಂಡದ್ದು ಬಾಗಿಲುಗಳು. ಚೌಕಟ್ಟಿನ ಸಮೇತ ಕಿತ್ತು ತಂದ, ಅರಿಶಿನ ಕುಂಕುಮ ಮಾಸದ ಬಾಗಿಲುಗಳನ್ನು ಬಯಲಲ್ಲಿ ಒಂದಕ್ಕೊಂದು ಒರಗಿಸಿ, ಅವುಗಳ ನೆರಳಿನಲ್ಲಿ ಮಕ್ಕಳನ್ನು ಮಲಗಿಸಿದ್ದರು. ದಾದಿಮಾ ನೋಡಿ ಸುಮ್ಮನಿರಲಿಲ್ಲ. ದೊಡ್ಡ ಪಾತ್ರೆಯಲ್ಲಿ ಗಂಜಿ ಕಾಯಿಸಿ ಕಳಿಸಿದರು. ನಮ್ಮ ಬಾವಿಯ ನೀರು ಸೇದಿಕೊಳ್ಳಿ ಎಂದರು. ಹಾಗೆ ನೀರಿಗೆ ಬಂದವಳೇ ಗೌರಿ, ನನ್ನ ಓರಗೆಯವಳು. ಅವಳ ಅಪ್ಪ ನಿಂಗಪ್ಪ ಆ ಜನಕ್ಕೆಲ್ಲ ಹಿರಿಯನಂತಿದ್ದ, ಎತ್ತರದ, ಮೆಲುದನಿಯ ಮನುಷ್ಯ.

ಬಂದವರಿಗೆ ಭೂಮಿ ಹಂಚಲು ಕಚೇರಿಯವರು ಸರಪಳಿ ಹಿಡಿದು ಅಳೆಯುತ್ತ ಬಂದರು. ಅಳೆಯುತ್ತ ಅಳೆಯುತ್ತ ಅವರ ಗೆರೆ ಕಾವಲು ದಾಟಿತು, ನಮ್ಮ ಬೇಲಿ ದಾಟಿತು, ಜಗಲಿಯ ಮುಂದೆ ಹಾದು ತೋಪಿನ ಆಚೆ ಬದಿಗೆ ಹೋಗಿ ನಿಂತಿತು. ತೋಪೆಲ್ಲ ಹಳೆಯ ಕಾವಲಿನದೇ, ನೀವು ಒತ್ತುವರಿ ಮಾಡಿಕೊಂಡು ಕೂತಿದ್ದೀರಿ ಎಂದರು. ಅಬ್ಬಾ ಕ್ರಯಪತ್ರ ತಂದು ತೋರಿಸಿದರು, ವರ್ಷವರ್ಷವೂ ಕಂದಾಯ ಕಟ್ಟಿದ್ದೇವೆ ಎಂದರು. ಅದನ್ನೆಲ್ಲ ಕೋರ್ಟಿನಲ್ಲಿ ಹೇಳಿಕೊಳ್ಳಿ ಎಂದು ಸಾಹೇಬರು ಜೀಪು ಹತ್ತಿದರು. ಅಬ್ಬಾ ಕೋರ್ಟಿನಲ್ಲಿ ದಾವೆ ಹೂಡಿದರು. ನಿಂಗಪ್ಪನ ಪಾಲಿಗೆ ಬಂದದ್ದು ನಮ್ಮ ಮನೆಯೂ ಜಗಲಿಯೂ ಅದರ ಸುತ್ತಲಿನ ಮರಗಳೂ. ಗುಬ್ಬಿಯಲ್ಲಿ ಕೆಲವರು, ಸಾಬ್ರಿಗೆ ವ್ಯಾಪಾರ ಐತಲ್ಲ, ಬೀದಿಗೇನೂ ಬೀಳಲ್ಲ ಬುಡು ಅಂದರಂತೆ. ನಮ್ಮ ಹತ್ತಿರ ದಿನಾ ಹಣ್ಣು ಕೊಂಡವರೇ ಅಂದದ್ದು.

ಆ ವರ್ಷದ ಸುಗ್ಗಿಗೆ ಎರಡು ಕಡೆಯವರೂ ಗಳ ಹಿಡಿದು ತೋಪಿಗಿಳಿದರು. ಅಬ್ಬಾನ ಹಿಂದೆ ನಮ್ಮ ಕೂಲಿಯವರು, ಎದುರಿಗೆ ನಿಂಗಪ್ಪ ಮತ್ತು ಅವನ ಜನ. ಯಾರಾದರೂ ಒಂದು ಕೆಟ್ಟ ಮಾತು ಆಡಿದ್ದರೂ ರಕ್ತ ಹರಿಯುತ್ತಿತ್ತು. ಅಷ್ಟರಲ್ಲಿ ದಾದಿಮಾ ಬುರ್ಖಾ ಕೂಡ ಹಾಕಿಕೊಳ್ಳದೆ ಸೆರಗು ಹೊದ್ದು ಬಂದು, ದೊಡ್ಡ ಮರದ ಬುಡದಲ್ಲಿ ಕೂತುಬಿಟ್ಟರು.

“ಈ ಮರ ಮುಟ್ಬೇಕಾದ್ರೆ ನನ್ನ ಕೇಳ್ಬೇಕು ಕಣಪ್ಪ,” ಎಂದರು ನಿಂಗಪ್ಪನಿಗೆ. “ನಮ್ಮ ಯಜಮಾನ್ರು ದುಡಿದು ತಗೊಂಡಿದ್ದು ಇದು.”

ನಿಂಗಪ್ಪ ಗಳ ಕೆಳಗಿಟ್ಟ. “ನಂಗೂ ಒಂದು ಹೊಲ ಇತ್ತು ತಾಯಿ. ಈಗ ಅದ್ರ ಮ್ಯಾಲೆ ಮೀನು ಓಡಾಡ್ತವೆ. ನಾವು ಕೇಳಿ ಬಂದೋರಲ್ಲ, ಲಾರೀಲಿ ತಂದು ಇಳ್ಸವ್ರೆ. ಇದೇ ನಿಮ್ದು ಅಂದವ್ರೆ. ಇದನ್ನೂ ಬುಟ್ಟು ಎಲ್ಲಿಗೋಗಾನ?”

“ನಿನ್ನ ಹೊಲ ಮುಳುಗ್ಸಿದ್ದು ನಾನಲ್ಲ.”

“ನಿಮ್ಮ ತೋಪು ಕಿತ್ಕೊಂಡಿದ್ದು ನಾನೂ ಅಲ್ಲ ತಾಯಿ.”

ಅಷ್ಟು ದಿನ ಕಚೇರಿಯಲ್ಲಿ, ಸಂತೆಯಲ್ಲಿ, ಪೇಪರಿನಲ್ಲಿ ಯಾರೂ ಆಡದಿದ್ದ ನಿಜವನ್ನು ಓದು ಬರಹವಿಲ್ಲದ ಇಬ್ಬರು ಮರದ ಕೆಳಗೆ ಆಡಿದ್ದರು. ಆಮೇಲೆ ದಾದಿಮಾ ಎದ್ದು, ಈ ವರ್ಷದ ಹಣ್ಣು ಅರ್ಧ ನಿಮಗೆ ಅರ್ಧ ನಮಗೆ, ಮಿಕ್ಕದ್ದು ಕೋರ್ಟು ಹೇಳಿದ ಹಾಗೆ ಎಂದರು. ಅಬ್ಬಾ ಮುಖ ತಿರುಗಿಸಿದರು, ಆದರೆ ಇಲ್ಲವೆನ್ನಲಿಲ್ಲ. ಆ ಒಂದು ಸುಗ್ಗಿಯಲ್ಲಿ ನಮ್ಮ ಜಗಲಿಯ ಮೇಲೆ ನಿಂಗಪ್ಪನ ಹೆಂಡತಿಯೂ ನಮ್ಮ ಅಮ್ಮಿಯೂ ಪಕ್ಕಪಕ್ಕ ಕೂತು ಹಣ್ಣು ಕುಟ್ಟಿದರು. ಗೌರಿ ತಮ್ಮೂರಿನ ಹೊಳೆ, ಹೊಳೆದಂಡೆಯ ಕಬ್ಬಿನ ಗದ್ದೆ, ಅಲ್ಲಿ ಬಿಟ್ಟುಬಂದ ಬೆಕ್ಕು ಇವುಗಳ ಬಗ್ಗೆ ಹೇಳುತ್ತಿದ್ದಳು. ನಾನು ಅವಳಿಗೆ ಉರ್ದುವಿನಲ್ಲಿ ಎಣಿಸಲು ಕಲಿಸಿದೆ. ಬದುಕು ಹೀಗೂ ನಡೆಯಬಹುದಿತ್ತು. ನಡೆಯುತ್ತಿತ್ತು ಕೂಡ.

ನಡೆಯಲು ಬಿಡಲಿಲ್ಲ. ಸುದ್ದಿ ಕಚೇರಿಗೆ ಮುಟ್ಟಿತು. ಸಾಹೇಬರು ನಿಂಗಪ್ಪನನ್ನು ಕರೆಸಿ, ಪಾಲು ಕೊಟ್ಟರೆ ತೋಪು ಸಾಬರದೇ ಎಂದು ನೀವೇ ಒಪ್ಪಿದಂತೆ, ನಿಮ್ಮೆಲ್ಲರ ಮಂಜೂರಾತಿ ರದ್ದಾಗುತ್ತದೆ ಎಂದು ಹೆದರಿಸಿದರಂತೆ. ಎಮರ್ಜೆನ್ಸಿಯ ಕಾಲ, ಎದುರು ಮಾತಾಡುವವರೇ ಇರಲಿಲ್ಲ. ನಿಂಗಪ್ಪ ಬಾವಿಕಟ್ಟೆಯ ಹತ್ತಿರ ಬಂದು ದಾದಿಮಾರಿಗೆ ಎಲ್ಲವನ್ನೂ ಹೇಳಿ, ಮುಖ ಎತ್ತದೆ ಹೋದ. ಮಾರನೆಯ ವಾರ ಪೊಲೀಸರು ಬಂದರು. ನಮ್ಮ ಸಾಮಾನನ್ನು ಅಂಗಳಕ್ಕೆ ಎಸೆದರು. ಕುಟ್ಟಿ ಉಪ್ಪು ಹಾಕಿಟ್ಟಿದ್ದ ಹಣ್ಣಿನ ಗುಡಾಣಗಳು ಜಗಲಿಯಿಂದ ಉರುಳಿ ಒಡೆದವು. ಬೂಟುಕಾಲಿನವರು ಅದರ ಮೇಲೆಯೇ ಓಡಾಡಿದರು. ಅಬ್ಬಾ ತಡೆಯಲು ಹೋದಾಗ ಒಬ್ಬ ಅವರ ಗಡ್ಡ ಹಿಡಿದು ಪಕ್ಕಕ್ಕೆಳೆದ. ಅದನ್ನು ನಾನು ನೋಡಿದೆ. ನಾನು ನೋಡಿದ್ದನ್ನು ಅಬ್ಬಾ ನೋಡಿದರು. ನಮ್ಮ ಮನೆಯಲ್ಲಿ ಆ ವಿಷಯವನ್ನು ಯಾರೂ ಯಾವತ್ತೂ ಎತ್ತಲಿಲ್ಲ. ಇವತ್ತು ಮೊದಲ ಸಲ ಬರೆಯುತ್ತಿದ್ದೇನೆ.

ಮೊದಲು ಕುಣಿಗಲ್‌ನಲ್ಲಿ ಅಬ್ಬಾನ ತಂಗಿಯ ಮನೆ, ಆಮೇಲೆ ತುಮಕೂರಿನ ಮರಳೂರಿನಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಅಬ್ಬಾ ಬೇರೆಯವರ ಮಂಡಿಯಲ್ಲಿ ತೂಕದ ಕೆಲಸಕ್ಕೆ ಸೇರಿದರು. ದಾದಿಮಾ ಆ ಕೋಣೆಯಲ್ಲಿ ಕಿಟಕಿಗೆ ಬೆನ್ನು ಮಾಡಿ ಕೂರುತ್ತಿದ್ದರು. ಹೊರಗೆ ನೋಡಲು ಏನಿದೆ ಎನ್ನುತ್ತಿದ್ದರು. ಆ ಮನೆಗೆ ಹೋದ ಎರಡನೆಯ ಮಳೆಗಾಲದಲ್ಲಿ ತೀರಿಕೊಂಡರು. ತೋಪಿನ ಸುದ್ದಿ ಅವರ ಕಿವಿಗೆ ಬೀಳದಂತೆ ಅಮ್ಮಿ ನೋಡಿಕೊಂಡಿದ್ದರು. ಸುದ್ದಿ ಏನೆಂದರೆ, ನಿಂಗಪ್ಪನವರಿಗೂ ಮರಗಳು ದಕ್ಕಲಿಲ್ಲ. ಭೂಮಿ ನಿಮ್ಮದು, ಮರ ಸರ್ಕಾರದ್ದು ಎಂದು ಹೊಸ ಮಾತು ತೆಗೆದು, ತೋಪನ್ನು ಕಂಟ್ರಾಕ್ಟರನಿಗೆ ಹರಾಜು ಹಾಕಿದರು. ತಾತನ ಕಾಲಕ್ಕೂ ಹಿಂದಿನ ಮರಗಳು ಇಟ್ಟಿಗೆಗೂಡಿಗೆ ಸೌದೆಯಾದವು. ಬೇರು ತುಂಬಿದ ಒಣನೆಲವನ್ನು ಆ ಜನ ಗುದ್ದಲಿಯಲ್ಲಿ ಕೆದಕಿ ರಾಗಿ ಬಿತ್ತಿದರಂತೆ. ಹೊಳೆದಂಡೆಯಲ್ಲಿ ಕಬ್ಬು ಬೆಳೆದವರು ಅವರು. ಕೊಡುತ್ತೇವೆಂದ ಹಕ್ಕುಪತ್ರ ಮಾತ್ರ ಬರಲೇ ಇಲ್ಲ.

ಕೋರ್ಟಿನ ತೀರ್ಪು ಬಂದಾಗ ನಾನು ತುಮಕೂರಿನಲ್ಲಿ ಕಾಲೇಜು ಮುಗಿಸುತ್ತಿದ್ದೆ. ನಾವು ಗೆದ್ದಿದ್ದೆವು. ತೋಪು ಖಾದರ್ ಸಾಬರದೇ, ಕಚೇರಿ ಅಳೆದದ್ದು ತಪ್ಪು, ಸ್ವಾಧೀನ ಕೊಡಿಸತಕ್ಕದ್ದು. ಅಬ್ಬಾ ಇಸ್ತ್ರಿ ಮಾಡಿದ ಷರಟು ತೊಟ್ಟು ಕೋರ್ಟಿನ ಅಮೀನನ ಜೊತೆ ಗುಬ್ಬಿಗೆ ಹೊರಟರು. ನಾನೂ ಹೋದೆ. ತೋಪೂ ನಮ್ಮ ಮನೆಯೂ ಇದ್ದ ಕಡೆ ಒಂದು ಸಣ್ಣ ಊರೇ ಎದ್ದಿತ್ತು. ಹಟ್ಟಿ, ತಿಪ್ಪೆ, ಒಂದು ಪುಟ್ಟ ಗುಡಿ, ಮಣ್ಣಿನ ಗೋಡೆಗಳಿಗೆ ಕೂಡಿಸಿದ ಆ ಹಳೆಯ ಬಾಗಿಲುಗಳು. ಗೌರಿ ಕಂಕುಳಲ್ಲಿ ಮಗು ಇಟ್ಟುಕೊಂಡು ನಿಂತಿದ್ದಳು. ನನ್ನನ್ನು ಗುರುತಿಸಿದಳು, ನಗಲಿಲ್ಲ. ನಾನೂ ನಗಲಿಲ್ಲ. ಅಮೀನ ಆದೇಶ ಓದಿದ. ನಿಂಗಪ್ಪ ಪೂರ್ತಿ ಕೇಳಿಸಿಕೊಂಡ. ಬೇಡಿಕೊಳ್ಳಲಿಲ್ಲ, ಬೈಯಲೂ ಇಲ್ಲ.

“ಕೋರ್ಟು ಹೇಳ್ದಂಗೆ ಮಾಡಿ ಸಾಬ್ರೇ. ಒಂದ್ಸಲ ಎದ್ದು ಬಂದೋರಿಗೆ ಇನ್ನೊಂದ್ಸಲ ಏಳೋದು ಗೊತ್ತೈತೆ. ಬಾಗ್ಲು ಬಿಚ್ಕೊಳ್ಳೋವರ್ಗೂ ಟೈಮ್ ಕೊಡಿ.”

ಅಬ್ಬಾ ಎಷ್ಟೋ ಹೊತ್ತು ಹಟ್ಟಿಗಳ ನಡುವೆ ಅಲ್ಲಲ್ಲಿ ಉಳಿದಿದ್ದ ಹುಣಸೆಯ ಬುಡಗಳನ್ನು ನೋಡಿದರು. ಹತ್ತು ವರ್ಷ ಅವರು ಈ ದಿನಕ್ಕಾಗಿಯೇ ಉಂಡಿದ್ದರು, ಮಲಗಿದ್ದರು. ಕೊನೆಗೆ ಅಮೀನನ ಕಡೆ ತಿರುಗಿ, “ಇವತ್ತು ಬೇಡ ಸ್ವಾಮಿ,” ಎಂದರು. ಅಷ್ಟೇ. ‘ಇವತ್ತು ಬೇಕು’ ಎನ್ನುವ ದಿನ ಮಾತ್ರ ಮುಂದೆ ಬರಲೇ ಇಲ್ಲ.

ಊರಿನವರು ಹುಣಸೆ ಸಾಬ್ರು ದೊಡ್ಡಮನಸ್ಸು ಮಾಡಿದರು ಎಂದು ಕೊಂಡಾಡಿದರು. ನಮ್ಮ ವಕೀಲರು ಕೂಡ ಹಾಗೆಂದರು. ಈಗಲೂ ಮದುವೆಮನೆಯಲ್ಲಿ ಯಾರಾದರೂ ಸಿಕ್ಕು, ನಿಮ್ಮ ತಂದೆಯಂಥ ಉದಾರಿಗಳು ಎಲ್ಲಿ ಸಿಗುತ್ತಾರಮ್ಮ ಎಂದರೆ ನನಗೆ ಮೈ ಉರಿಯುತ್ತದೆ. ಅಬ್ಬಾ ಕೊಡಲಿಲ್ಲ. ಕೊಟ್ಟೆ ಎಂದು ಅವರು ಒಂದು ದಿನವೂ ಹೇಳಲಿಲ್ಲ. ತನ್ನದನ್ನು ತಾನು ಪಡೆಯಬೇಕಾದರೆ ಗೌರಿಯ ಮಗುವನ್ನು ಬೀದಿಗೆ ಹಾಕಬೇಕು ಎಂಬಲ್ಲಿಗೆ ಅವರನ್ನು ತಂದು ನಿಲ್ಲಿಸಿದರಲ್ಲ, ಅದನ್ನು ಯಾಕೆ ಯಾರೂ ಕೇಳುವುದಿಲ್ಲ? ಗೆರೆ ಎಳೆದವರು ಬಡ್ತಿ ಪಡೆದರು, ಊರು ಮುಳುಗಿಸಿದವರು ಹಾರ ಹಾಕಿಸಿಕೊಂಡರು. ದೊಡ್ಡಮನಸ್ಸು ಮಾಡುವ ಸರದಿ ಮಾತ್ರ ಕಳೆದುಕೊಂಡವರದು. ನಿಂಗಪ್ಪನವರಿಗೆ ಸಿಕ್ಕ ಹೆಸರೂ ಇದಕ್ಕಿಂತ ಒಳ್ಳೆಯದಲ್ಲ. ಸಾಬರ ದಯೆಯಿಂದ ಬದುಕಿದವರು ಎಂದರು. ದಯೆ ಕೇಳಿ ಬಂದ ಜನವೇ ಅದು?

ಅಬ್ಬಾ ತೀರಿಕೊಂಡದ್ದು ಎಂಬತ್ತರ ದಶಕದ ಕೊನೆಯಲ್ಲಿ, ಒಂದು ಶುಕ್ರವಾರ. ಯಾರು ಹೇಳಿಕಳಿಸಿದರೋ, ಮಣ್ಣಿನ ಹೊತ್ತಿಗೆ ಸರಿಯಾಗಿ ನಿಂಗಪ್ಪ ಮರಳೂರಿಗೆ ಬಂದಿದ್ದ. ಮುದುಕನಾಗಿದ್ದ, ಬೆನ್ನು ಬಾಗಿತ್ತು. ಗಂಡಸರ ಜೊತೆ ಖಬರಸ್ತಾನಿಗೆ ಹೋಗಿ, ಅವರು ಮಾಡಿದಂತೆ ತಾನೂ ಮೂರು ಹಿಡಿ ಮಣ್ಣು ಹಾಕಿದನಂತೆ. ತಿರುಗಿ ಬಂದು ನಮ್ಮ ಬಾಗಿಲ ಹೊರಗೆ ಕೂತ. ನಾನು ಟೀ ಕೊಟ್ಟೆ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

“ಎಲ್ರೂ ಅಂತಾರವ್ವ, ಸಾಬ್ರು ತೋಪು ಬುಟ್ಕೊಟ್ರು ಅಂತ,” ಎಂದ. “ನಂಗೊತ್ತು, ಅವ್ರು ಬುಟ್ಟಿರ್ಲಿಲ್ಲ. ನಾನೂ ನಮ್ಮೂರ್ನ ಇವತ್ತಿಗೂ ಬುಟ್ಟಿಲ್ಲ.”

ಟೀ ಕುಡಿದು, ಲೋಟ ತೊಳೆದಿಟ್ಟು, ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡು ಗುಬ್ಬಿಯ ಬಸ್ಸಿಗೆ ಹೊರಟ. ಅವನ ಉಗುರುಗಳ ಸಂದಿಯಲ್ಲಿ ಅಬ್ಬಾನ ಗೋರಿಯ ಮಣ್ಣು ಇನ್ನೂ ಹಸಿಯಾಗಿಯೇ ಇತ್ತು.